ಮೂವತ್ತೆರಡು ಕ್ಲಿಪ್ಪು

ಕಡಲತೀರದಲ್ಲಿ ಬೋರ್ಡು ಹಾಕಿದ್ದರು:
ಗಣರಾಜ್ಯಕ್ಕೆ ಎಪ್ಪತ್ತೈದು, ನೌಕಾಪಡೆಯ ವಾದ್ಯವೃಂದ,
ಸಂಜೆ ಆರೂವರೆ, ಪ್ರವೇಶ ಉಚಿತ.
ಈ ಹೊಯ್ಗೆಗೆ ಕಾಲಿಡಲು ದುಡ್ಡು ಕೇಳಿದವರು
ಇಷ್ಟು ದಿನ ಯಾರಿದ್ದರೋ, ನನಗೆ ನೆನಪಿಲ್ಲ.

ನಾಲ್ಕು ಗಂಟೆಗೆ ಬಾಗಿಲಲ್ಲಿ ಒಬ್ಬ ಹುಡುಗ.
ಬಿಳಿ ಸಮವಸ್ತ್ರ, ಎದೆಯುದ್ದ ಹಿತ್ತಾಳೆ ಗುಂಡಿ,
ಶೂ ತುಂಬ ಮರಳು.
ಹಿಂದಿಯಲ್ಲಿ ಏನೋ ಕೇಳಿದ. ನಾನು ನೀರು ತಂದೆ.
ಕುಡಿದ. ಮತ್ತೆ ಕೇಳಿದ, ಈ ಸಲ ಕೈಯಲ್ಲಿ:
ಎರಡು ಬೆರಳು ಕೊಕ್ಕಿನ ಹಾಗೆ ಕೂಡಿಸಿ, ಬಿಡಿಸಿ,
ಅಂಗಳದ ಹಗ್ಗ ತೋರಿಸಿದ.
ಗಾಳಿ ಕಾಗದ ನಿಲ್ಲಗೊಡುತ್ತಿಲ್ಲ.

ಅಯ್ಯೋ, ಇಷ್ಟೇನಾ.
ಅರೆ ಒಣಗಿದ ಲಂಗ, ಟವೆಲ್ಲು, ನಿತೇಶನ ಶಾಲೆಯ ಚಡ್ಡಿ
ಎಲ್ಲ ಬೇಲಿಯ ಮೇಲೆ ಎಸೆದು
ಒಂದೊಂದೇ ಬಿಚ್ಚಿ ಮೀನಿನ ಬುಟ್ಟಿಗೆ ಹಾಕಿದೆ.
ಹಸಿರು ಹತ್ತು, ಕೆಂಪು ಹನ್ನೊಂದು, ನೀಲಿ ಏಳು,
ಮರದವು ನಾಲ್ಕು. ಅವು ಆರ್ಗಾದ ಮನೆಯವು.
ಬುಟ್ಟಿ ತೊಳೆದದ್ದೇ. ಆದರೂ ಅವನ ಮೂಗು ಒಮ್ಮೆ ಹಿಂದೆ ಸರಿಯಿತು.

"ಏಳೂವರೆಗೆ ಗಾಳಿ ತಿರುಗ್ತದೆ," ಅಂದೆ,
"ಆಮೇಲೆ ಕಡಲಿನದ್ದಲ್ಲ, ಗುಡ್ಡದ್ದು. ಆ ಬದಿಗೂ ಒಂದೊಂದು ಹಾಕು."
ತಿಳಿಯಿತೋ ಇಲ್ಲವೋ, ಸೆಲ್ಯೂಟ್ ಹೊಡೆದು ಹೋದ.
ನನಗೆ!
ಪಕ್ಕದ ಶೇವಂತಿ ಮನೆಯಲ್ಲಿರಲಿಲ್ಲ, ಅದೊಂದು ಬೇಜಾರು.

ಮುಂದೆ ಸೋಫಾ, ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿ,
ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ನಾವು.
ಆಳಿಗಿಂತ ದೊಡ್ಡ ಹಿತ್ತಾಳೆ ವಾದ್ಯ ಒಂದು
ಹೆಗಲ ಮೇಲೆ ಶಂಖದ ಹಾಗೆ ಸುತ್ತಿಕೊಂಡು ಕೂತಿತ್ತು.
ಅದು ಮೊದಲ ಸಲ ಕೂಗಿದಾಗ
ಬೈತಖೋಲಕ್ಕೆ ಬೋಟು ಬಂತೆಂದು ನಾಯಿಗಳೆಲ್ಲ ಓಡಿದವು.

ನಾನು ವಾದ್ಯ ನೋಡಲೇ ಇಲ್ಲ.
ದೀಪದಲ್ಲಿ ನನ್ನ ಕೆಂಪು, ನನ್ನ ನೀಲಿ,
ಒಂದೊಂದು ಹಾಳೆಯನ್ನು ಕಚ್ಚಿ ಹಿಡಿದು ಕೂತಿದ್ದವು.
ರಾಗ ಯಾರದ್ದೋ ಇರಲಿ.

ನಡುವೆ ಒಂದು ನಿಧಾನದ್ದು ಬಂತು.
ಹೆಸರು ಹೇಳಿದರು, ಮೈಕು ನುಂಗಿತು.
ಉದ್ದ ಕೊಳಲಿನಂಥದ್ದೊಂದೇ ಊದುತ್ತಿತ್ತು, ಉಳಿದವು ಸುಮ್ಮನೆ.
ಆರ್ಗಾದಲ್ಲಿ ನಮ್ಮ ಹಗ್ಗ ಎರಡು ಉಂಡಿ ಮರಗಳ ನಡುವೆ ಇತ್ತು.
ನಾನು ಮದುವೆಯಾಗಿ ಬಂದ ಎರಡನೇ ವರ್ಷ ನೋಟೀಸು.
ದೇಶಕ್ಕೆ ಜಾಗ ಬೇಕಾಗಿತ್ತು, ಕೊಟ್ಟೆವು.
ಕೊಟ್ಟೆವು ಅಂದರೆ, ಕಾಗದದಲ್ಲಿ ಹಾಗೆ ಬರೆದಿದೆ.
ಪಾತ್ರೆ, ಬಲೆ, ದೇವರ ಪಟ, ಎಲ್ಲ ಟೆಂಪೋ ಹತ್ತಿದ ಮೇಲೆ
ಅತ್ತೆ ತಿರುಗಿ ಹೋಗಿ ಹಗ್ಗ ಬಿಚ್ಚಿದಳು,
ಕ್ಲಿಪ್ಪು ಸಮೇತ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು.
ದಾರಿಯುದ್ದ ಮಾತಿಲ್ಲ. ಅಂಕೋಲೆಯ ಬಸ್ಸೊಂದು ಎದುರು ಬಂದಾಗ
"ನಿಧಾನ ಬಿಡು," ಅಂದಳು ಡ್ರೈವರನಿಗೆ, ಅಷ್ಟೇ.

ಅಷ್ಟರಲ್ಲಿ ಗಾಳಿ ತಿರುಗಿತು.
ಹಿಂದಿನ ಸಾಲಿನ ಕಾಗದ ಎದ್ದು ಕಡಲ ಕಡೆ ಹಾರಿದವು,
ಮಕ್ಕಳು ಕಿರುಚುತ್ತ ಬೆನ್ನು ಹತ್ತಿದರು,
ಡ್ರಮ್ಮಿನವನು ನೋಡದೆಯೇ ಬಾರಿಸಿದ.
ನಮ್ಮ ಹುಡುಗನ ಸಾಲು ಅಲ್ಲಾಡಲಿಲ್ಲ.
ಶೇವಂತಿಯನ್ನು ತಿವಿದು ಹೇಳಿದೆ. ಅವಳು ನಂಬಲಿಲ್ಲ.

ಕೊನೆಗೆ ರಾಷ್ಟ್ರಗೀತೆ.
ಸೋಫಾ ಎದ್ದಿತು, ಕುರ್ಚಿ ಎದ್ದವು.
ನಾವು ಹೇಗೂ ಎರಡು ತಾಸಿನಿಂದ ನಿಂತೇ ಇದ್ದೆವು,
ಸೊಂಟದ ಮೇಲಿನ ಕೈ ಮಾತ್ರ ಕೆಳಗಿಳಿಸಿದೆವು.

ಹುಡುಗ ಬುಟ್ಟಿ ಹಿಡಿದು ಹುಡುಕಿಕೊಂಡು ಬಂದ.
ಬೆರಳು ತಿಕ್ಕಿ ಕೇಳಿದ, ಎಷ್ಟು ಕೊಡಲಿ?
"ಫುಕಟ," ಅಂದೆ.
ಆ ಶಬ್ದ ಅವನಿಗೂ ಗೊತ್ತಿತ್ತು, ಹಲ್ಲು ಬಿಟ್ಟ.

ಮನೆಯ ಬಲ್ಬಿನ ಕೆಳಗೆ ಎಣಿಸಿದೆ. ಮೂವತ್ತೊಂದು.
ಮತ್ತೆ ಎಣಿಸಿದೆ. ಮರದ್ದು ಒಂದಿಲ್ಲ.
ಯಾರದೋ ಹಾಳೆ ಕಚ್ಚಿಕೊಂಡೇ ಪೆಟ್ಟಿಗೆ ಸೇರಿ,
ಬಸ್ಸು ಹತ್ತಿ, ಈ ಹೊತ್ತಿಗೆ
ಆರ್ಗಾದ ಆ ದೊಡ್ಡ ಗೇಟು ದಾಟಿರಬೇಕು.
ಕಾವಲಿನವ ಅದರ ಹತ್ತಿರ ಪಾಸು ಕೇಳಿರಲಿಕ್ಕಿಲ್ಲ.

ಬೇಲಿಯ ಮೇಲಿನ ಚಡ್ಡಿ ಇಬ್ಬನಿಗೆ ಮತ್ತೆ ಒದ್ದೆ.
ನಾಳೆ ಬೆಳಿಗ್ಗೆ ನಿತೇಶನಿಗೆ ಧ್ವಜವಂದನೆ ಇದೆ.