ಬೇರೆ ಸಮುದ್ರದ ಹಕ್ಕಿಗಳು

ಸರ್ಬಿನಾಜ್ ಮೊದಲ ಸಲ ಕ್ಯಾಮೆರಾ ಹೊತ್ತಾಗ ಇಪ್ಪತ್ತೆರಡು.
ನುಕುಸ್ ಟೆಲಿವಿಷನ್ನಿನವರು ಮುಯ್ನಾಕಿಗೆ ಕಳಿಸಿದರು:
ಮೀನಿನ ಡಬ್ಬಿ ಕಾರ್ಖಾನೆ, ನಾಲ್ಕು ನಿಮಿಷ,
ನಗುವ ಹೆಂಗಸರು ಕಡ್ಡಾಯ.

ಅರಾಲ್ ಸಮುದ್ರ ಆಗಲೇ
ಹೇಳದೆ ಕೇಳದೆ ಎದ್ದು ಹೊರಟ ನೆಂಟನ ಹಾಗೆ
ದಡ ಬಿಟ್ಟು ದೂರ ನಡೆದಿತ್ತು.
ಮೀನು ಬರುತ್ತಿದ್ದದ್ದು ಬಾಲ್ಟಿಕ್ಕಿನಿಂದ,
ಕುಂಗ್ರಾದಿನವರೆಗೆ ರೈಲು, ಅಲ್ಲಿಂದ ಲಾರಿ,
ಕಲ್ಲಿನಂತೆ ಹೆಪ್ಪುಗಟ್ಟಿ.

ಸರ್ಬಿನಾಜ್ ಉದ್ದನೆಯ ಲೆನ್ಸ್ ಹಾಕಿ
ನೀರನ್ನು ಹತ್ತಿರ ಎಳೆದಳು.
‘ನಗಿ’ ಅಂದಳು. ನಕ್ಕರು.
ನಾನು ಧ್ವನಿಯವನು.
ದಡದಲ್ಲಿ ಒಂದು ಹಕ್ಕಿಯೂ ಕೂಗದ್ದಕ್ಕೆ
ಕಪಾಟಿನಿಂದ ಕಪ್ಪು ಸಮುದ್ರದ ಹಕ್ಕಿಗಳನ್ನು ತೆಗೆದು
ಅವರ ತಲೆಯ ಮೇಲೆ ಹಾರಿಸಿದೆ.
ಆ ಸುಳ್ಳಿನಲ್ಲಿ ನನ್ನ ಪಾಲು ಅಷ್ಟು.

ಬಹುಮಾನಕ್ಕೆ ಅವಳಿಗೊಂದು ಕೈಗಡಿಯಾರ ಕೊಟ್ಟರು.
ಕಟ್ಟಿಕೊಳ್ಳಲಿಲ್ಲ. ಮಾರಲೂ ಇಲ್ಲ.

ಆಮೇಲೆ ನಲವತ್ತಾರು ವರ್ಷ
ಪ್ರತಿ ಶರತ್ಕಾಲ ಅದೇ ದಿಬ್ಬದ ಮೇಲೆ ಮುಕ್ಕಾಲಿ ಊರಿದಳು.
ಮೊದಲು ನೀರಿಗೆ ಹೆಜ್ಜೆ ಎಣಿಸುತ್ತಿದ್ದೆವು,
ಆಮೇಲೆ ಪೆಟ್ರೋಲು.
ಹಡಗಿನ ಬುಡದಲ್ಲಿ ಮೇಯುವ ಒಂಟೆ ಅವಳಿಗೆ ಬೇಡ,
‘ಅದನ್ನು ಹೊರಗಿನವರು ತೆಗೀತಾರೆ.’
ಅವಳಿಗೆ ಬೇಕಾದದ್ದು ಓತೆಬಾಯ್,
ನೀರು ನೂರು ಮೈಲಿ ಆಚೆಗಿದ್ದರೂ
ವರ್ಷಕ್ಕೊಮ್ಮೆ ದೋಣಿಗೆ ಬಣ್ಣ ಬಳಿಯುವವನು.
ಯಾಕೆ ಎಂದು ಅವಳು ಕೇಳಲಿಲ್ಲ.
ಡಬ್ಬಿಯಲ್ಲಿ ಬಣ್ಣ ಎಷ್ಟು ಉಳಿದಿದೆ ಎಂದು ಕೇಳಿದಳು.

ಒಮ್ಮೆ ಅಧಿಕಾರಿಯೊಬ್ಬ ಚಿತ್ರ ನೋಡಿ ಹೇಳಿದ:
‘ಉಪ್ಪು ಅನ್ನೋ ಮಾತು ಹದಿನೇಳು ಸಲ ಬಂದಿದೆ,
ಐದು ಸಾಕು.’
ಐದು ಉಳಿಸಿದಳು.
ಉಳಿದ ಹನ್ನೆರಡು ಕಡೆ
ಬರೀ ಗಾಳಿ ಇಡಿಸಿದಳು.
ಆ ಗಾಳಿ ಹಿಡಿದವನು ನಾನು;
ಇವತ್ತಿಗೂ ಕೇಳಿದರೆ ಹಲ್ಲಿನ ಸಂದಿಯಲ್ಲಿ ಕರಕರ.

ಪತ್ರಿಕೆಗೂ ಬರೆದಳು. ಅಚ್ಚಾದದ್ದಕ್ಕಿಂತ ಕತ್ತರಿಸಿದ್ದು ಜಾಸ್ತಿ.
ಗಂಡ ಆಜಾತ್ ತಾಷ್ಕೆಂಟಿಗೆ ಹೋದವನು ಅಲ್ಲೇ ಉಳಿದ.
ಮಗಳು ಈಗಲೂ ದೂರುತ್ತಾಳೆ:
‘ಮಿಠಾಯಿ ಇರಬಹುದೆಂದು ಅಮ್ಮನ ಕೋಟಿನ ಜೇಬಿಗೆ ಕೈ ಹಾಕಿದರೆ
ಮರಳು.’

ಆಮ್‌ಸ್ಟರ್‌ಡ್ಯಾಮಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ ಚಿತ್ರಕ್ಕೆ
ಮುಯ್ನಾಕಿನಲ್ಲಿ ಕುರ್ಚಿ ತುಂಬಲಿಲ್ಲ.
‘ಧೂಳು ನಮ್ಮ ರೊಟ್ಟಿ ಮೇಲೇ ಕೂತಿದೆ,
ತೋರಿಸೋದಕ್ಕೆ ನೀನು ಬೇಕಾ?’

ಕಳೆದ ಶರತ್ಕಾಲ, ಶಾಲೆಯ ಹಾಲ್‌ನಲ್ಲಿ
ಚಹಾ ಬಗ್ಗಿಸುತ್ತಿದ್ದ ಜುಮಾಗುಲ್ ಕೇಳಿದಳು:
‘ಆ ಹಳೇದು ಇಲ್ವಾ, ಹೆಂಗಸರು ನಗೋದು?’
‘ಅದು ಸುಳ್ಳು’ ಅಂದಳು ಸರ್ಬಿನಾಜ್.
‘ಗೊತ್ತು.
ಅದರಲ್ಲಿ ನಮ್ಮವ್ವ ಇದ್ದಾಳೆ.’

ಗೋಡೆಗೆ ಹಾಸಿಗೆಯ ಹೊದಿಕೆ ಬಡಿದೆವು.
‘ಶಬ್ದ ತೆಗೆ’ ಅಂದಳು ನನಗೆ,
‘ಹಕ್ಕಿಗಳೂ ಬೇಡ, ಆ ಗಂಡಸಿನ ಗಂಟಲೂ ಬೇಡ.’

ಕುರ್ಚಿ ಸಾಲಲಿಲ್ಲ ಆ ರಾತ್ರಿ.
‘ಅಗೋ ಪೆರ್ದೆ, ಆ ತಲೆವಸ್ತ್ರ ನನ್ನದು, ವಾಪಸು ಕೊಡಲೇ ಇಲ್ಲ!’
‘ಇವಳ ಹೊಟ್ಟೆಯಲ್ಲಿ ಆಗ ನಮ್ಮಣ್ಣ.’
‘ಹಿಂದೆ ನೋಡ್ರೋ, ನೀರು! ನೀರು!’
ಜುಮಾಗುಲ್ ಮಾತಾಡಲಿಲ್ಲ,
ಕೈಯಲ್ಲಿದ್ದ ಕೆಟಲ್ ಇಳಿಸಲೂ ಇಲ್ಲ.

ಆಗ ಯಾವುದೋ ಹುಡುಗ:
‘ಕೊನೆಯವಳು ಯಾಕೆ ನಗ್ತಿಲ್ಲ?’

ಮೇಜಿನ ತುದಿ. ಕೈಯಲ್ಲಿ ಮೀನು.
ನೇರ ನಮ್ಮನ್ನೇ ನೋಡುತ್ತಿರುವ ಹೆಂಗಸು.
ಸರ್ಬಿನಾಜ್ ಮೂರು ಸಲ ಹಿಂದಕ್ಕೆ ತಿರುಗಿಸಿದಳು.
ಯಾರಿಗೂ ಹೆಸರು ಗೊತ್ತಿಲ್ಲ.
ಚೌಕಟ್ಟು ಕಟ್ಟಿದವಳು ತಾನೇ,
ಇವಳು ಕಣ್ಣಿಗೇ ಬಿದ್ದಿರಲಿಲ್ಲ.

ಬೆಳಿಗ್ಗೆ ಏಳಕ್ಕೆಲ್ಲ ನನ್ನ ಕಿಟಕಿ ಬಡಿದಳು,
ಅರವತ್ತೆಂಟರ ಮಂಡಿ, ಹೊಸ ನೋಟುಬುಕ್ಕು,
ಬೂಟಿನ ಲೇಸು ಬಿಚ್ಚಿದ ಹಾಗೇ.
ಮೈಕು ಹಿಡಿದು ಹಿಂದೆ ನಡೆದೆ.
ಬ್ಯಾಟರಿ ಅರ್ಧ ಇತ್ತು.
ಮೊದಲನೇ ಮನೆಯ ನಾಯಿ ಬಿಡಲಿಲ್ಲ.
ಎರಡನೇ ಬಾಗಿಲಲ್ಲಿ ಅವಳು
ಫೋಟೋ ಮುಂದೆ ಹಿಡಿದು ಕೇಳುತ್ತಿದ್ದಳು:
‘ಇವರು ಯಾರು, ನೆನಪಿದೆಯಾ?’