ಕಟ್ಟೆಯ ಲೆಕ್ಕ

ವಯಸ್ಸು? ಎಂದೆ.
ಐವತ್ತಮೂರು, ನಿನಗೆ ಗೊತ್ತಿಲ್ಲವೇ, ಬರಿ, ಎಂದ ಮಾವ.
ನೆಯಾಫು ಆಸ್ಪತ್ರೆಯ ಜಗಲಿಯಲ್ಲಿ ಒಂದೇ ಬೆಂಚು,
ಅವನು ಕೂತರೆ ಪೂರ್ತಿ ತುಂಬುವ ಬೆಂಚು.
ನಾನು ನಿಂತೇ ಬರೆದುಕೊಂಡೆ.

ತೂಕ?
ನಮ್ಮ ಮಾಪಕದ ಮುಳ್ಳು ನೂರೈವತ್ತಕ್ಕೆ ಮುಗಿಯುತ್ತದೆ.
ಕೊಬ್ಬರಿ ಮೂಟೆ ತೂಗುವ ಹಳೆಯ ತಕ್ಕಡಿ
ಹಡಗುಕಟ್ಟೆಯಲ್ಲಿದೆ, ಅಲ್ಲಿಗೇ ಹೋದೆವು.
ಹುಡುಗರು ಚಪ್ಪಾಳೆ ತಟ್ಟಿದರು.
ಪೇನಿಸಿಮಾನಿ ಮಾವ ಮದುಮಗನ ಹಾಗೆ ನಾಚಿ ನಕ್ಕ.
ಮೈ ತುಂಬಿದವನ ಮನೆಯೂ ತುಂಬಿದೆಯೆಂದು
ಟೋಂಗಾದಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಊಟ?
ಅದೋ ನೋಡು, ಎಂದು ಕೈ ತೋರಿಸಿದ.
ನಾವು ಹಿಡಿದ ಟ್ಯೂನ, ಮಂಜಿನ ಪೆಟ್ಟಿಗೆಯಲ್ಲಿ
ಹಡಗು ಹತ್ತುತ್ತಿತ್ತು.
ಅದೇ ಹಡಗಿನಿಂದ ಇಳಿದದ್ದು ಕುರಿಯ ಹೊಟ್ಟೆಪಟ್ಟಿ,
ಅರ್ಧಕ್ಕರ್ಧ ಕೊಬ್ಬು, ಸಾಕಿದವರೇ ತಿನ್ನದ್ದು.
ಮೀನಿಗಿಂತ ಅಗ್ಗ ಕಣೇ. ಭಾನುವಾರ ಇಗರ್ಜಿ ಮುಗಿಸಿ ಬಂದವರಿಗೆ
ಬಡಿಸದೆ ಕಳಿಸಲಾ?

ನಡಿಗೆ?
ಪೆಟ್ಟಿಗೆ ಹೊರುತ್ತಿದ್ದಾಗ ಬೆವರಿತ್ತು.
ಎತ್ತುವ ಯಂತ್ರ ಬಂತು, ನನಗೆ ಅದರ ಸೀಟು ಸಿಕ್ಕಿತು,
ಎಲ್ಲರೂ ಹೊಟ್ಟೆಕಿಚ್ಚು ಪಟ್ಟರು.

ಸೂಕಾ ಎನ್ನುತ್ತೇವೆ ಈ ಕಾಯಿಲೆಗೆ. ಸಕ್ಕರೆ, ಅಷ್ಟೇ.
ಸಿಹಿಯನ್ನೇ ತಿನ್ನದವನಿಗೆ ಅದು ಹೇಗೆ ಬರುತ್ತದೆ
ಎಂದು ಅವನ ತಕರಾರು.
ನಾನಂದೆ: ಸರಕು ಬಂದು ಕಟ್ಟೆ ತುಂಬಿದೆ,
ಕೂಲಿಯವರೂ ಬಂದಿದ್ದಾರೆ,
ಗೋದಾಮಿನವರು ಬಾಗಿಲು ತೆಗೆಯುತ್ತಿಲ್ಲ.
ಇನ್ನಷ್ಟು ಕೂಲಿಯವರನ್ನು ಕಳಿಸುತ್ತಾರೆ, ಬಡಿಯುತ್ತಾರೆ,
ಕೊನೆಗೆ ಅವರೂ ಸುಸ್ತಾಗುತ್ತಾರೆ.
ಸರಕು ಹೊರಗೇ, ಬಿಸಿಲಲ್ಲೇ, ರಕ್ತದಲ್ಲೇ.
ಮೂವತ್ತು ವರ್ಷ ಕಟ್ಟೆಯಲ್ಲಿ ದುಡಿದವನು
ಬಹಳ ಹೊತ್ತು ಮಾತಾಡಲಿಲ್ಲ.
ಬಾಗಿಲು ಯಾಕೆ ತೆಗೆಯರಂತೆ? ಎಂದ ಆಮೇಲೆ.
ಒಳಗೆ ಆಗಲೇ ತುಂಬಿದೆ ಮಾವ.

ಒಂದು ಪ್ರಶ್ನೆ ಉಳಿದಿತ್ತು.
ಹಾಳೆಯಲ್ಲಿ ಅದು ಎರಡನೆಯದು, ನಾನೇ ದಾಟಿ ಬಂದಿದ್ದೆ.
ಮನೆಯಲ್ಲಿ ಬೇರೆ ಯಾರಿಗಾದರೂ?

ನಿನ್ನ ಅಜ್ಜಿಗೆ ಕಣ್ಣು ಹೋಯಿತು. ಅವಳ ಅಣ್ಣನಿಗೆ ಕಾಲು.
ಫಿನೌ. ಫಿನೌನ ಹಿರಿಮಗ. ನಿನ್ನಮ್ಮ.
ಅವನ ಒಂದು ಕೈಯ ಬೆರಳು ಮುಗಿದವು.
ಇನ್ನೊಂದು ಕೈ ಊರುಗೋಲಿನ ಮೇಲಿತ್ತು,
ನನ್ನ ಕೈ ಹಿಡಿದು ಎಣಿಸತೊಡಗಿದ.
ಹೆಬ್ಬೆರಳು ಮಡಿಸಿದ, ತೋರುಬೆರಳು ಮಡಿಸಿದ,
ಮೂರನೆಯದರ ಮೇಲೆ ಬಂದು ನಿಂತ.

ಬಸುರಿನಲ್ಲಿ ನನಗೂ ಒಮ್ಮೆ ಬಂದು ಹೋಗಿತ್ತು.
ಅವನಿಗೆ ಅದು ಗೊತ್ತು.

ಆ ಬೆರಳನ್ನು ಅವನು ಮಡಿಸಲೂ ಇಲ್ಲ, ಬಿಡಲೂ ಇಲ್ಲ.