ಅಕ್ಕಿಕಾಳಿನಷ್ಟು

ಕೇಪೆಯ ಸಂತೆ ರಸ್ತೆಯಲ್ಲಿ ನನ್ನ ಲೇತ್ ಅಂಗಡಿ.
ಪಂಪು, ಬೋರ್‌ವೆಲ್ಲಿನ ಕಪ್ಲಿಂಗು, ಒಮ್ಮೊಮ್ಮೆ
ಇಗರ್ಜಿಯ ಗಂಟೆಗೆ ಹೊಸ ನಾಲಗೆ.
ಬಂದೂಕು ಬಂದದ್ದು ಒಂದೇ ಸಲ.

ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ಜೆಫೆರಿನ್ ಕುಲಾಸ್,
ಎಂಬತ್ತೊಂದು ವರ್ಷ, ಲೈಸೆನ್ಸು ಮೇಲುಜೇಬಿನಲ್ಲಿ.
ಒಂದು ಮೊಳ, ಮೇಲೆ ಎರಡು ಬೆರಳು, ಅಷ್ಟೇ ನಳಿಗೆ.
ಕೆಳಗೆ ಕೈ ತೂರುವಷ್ಟು ಕಬ್ಬಿಣದ ಬಳೆ.
ಬಳೆಯನ್ನು ಮುಂದಕ್ಕೆ ತಳ್ಳಿದರೆ ಸುಟ್ಟ ತೋಟೆ ಹೊರಕ್ಕೆ,
ಹಿಂದಕ್ಕೆಳೆದರೆ ಹೊಸದು ಒಳಕ್ಕೆ.
ಖಟಕ್, ಖಟಕ್.
ನವಲಗುಂದದ ನಮ್ಮ ಹಳೇ ಬಾಗಿಲಿನ ಅಗಳಿ
ಇದೇ ಮಾತು ಆಡುತ್ತಿತ್ತು.

"ಉದ್ದ ಬಂದೂಕು ಬಯಲಿಗೆ, ಮಿಸ್ತ್ರಿ.
ಮುಳ್ಳುಕಂಟಿಯೊಳಗೆ ಹಂದಿ ತಿರುಗಿ ನಿಂತರೆ
ನಿನಗೆ ತಿರುಗಲು ಜಾಗ ಎಲ್ಲಿ?
ಇದು ನಾಯಿಮರಿ. ಮೊಣಕೈಯೊಳಗೇ ತಿರುಗುತ್ತದೆ.
ಅಪ್ಪ ಬೈರಾದಿಂದ ಹಡಗಿನಲ್ಲಿ ತಂದದ್ದು."

ಗೇರುಹಣ್ಣು ಉದುರಿ ಹುಳಿತು ನಾರುವ ಕಾಲಕ್ಕೆ
ಹಂದಿಗಳು ತಿಂದು ತೂರಾಡುತ್ತ ಬರುತ್ತಿದ್ದವಂತೆ,
ಸಂಬಳದ ದಿನದ ಗಂಡಸರ ಹಾಗೆ.
ಒಂದೇ ರಾತ್ರಿ ಮೂರು. ಮೂರನೆಯದು
ಹನ್ನೊಂದು ಹೆಜ್ಜೆಯಲ್ಲಿ. ಎಣಿಸಿದ್ದನಂತೆ, ಆಮೇಲೆ.
ಎಡಗಿವಿ ಹೋದದ್ದೂ ಆ ರಾತ್ರಿಯೇ.
ನಳಿಗೆ ಮೋಟಾದಷ್ಟೂ ಬಾಯಿ ಜೋರು.

ಈಗ ತೋಟೆ ಮೇಲೇಳುತ್ತಿಲ್ಲ.
ಒಳಗಿನ ಎತ್ತುಗೆ ಸವೆದು ಚಮಚದ ತುದಿಯಾಗಿತ್ತು.
ಲಾರಿಯ ಪಟ್ಟಿ ಕಡಿದು, ಅರ ಹಾಕಿ,
ಎರಡು ದಿನ ಬೇರೆ ಕೆಲಸ ಮುಟ್ಟದೆ ಕೂತೆ.
ಸುಳ್ಳು ಯಾಕೆ, ಕೈಗೆ ಅಷ್ಟು ಸುಖ
ಪಂಪು ಯಾವತ್ತೂ ಕೊಟ್ಟಿಲ್ಲ.

ಮೂರನೇ ಮಧ್ಯಾಹ್ನ ಅವನ ಹೆಂಡತಿ ಬಂದಳು,
ಎಸ್ಪೆರಾನ್ಸ್ ಬಾಯಿ, ಬಿಸಿಲಿಗೆ ಕಪ್ಪು ಕೊಡೆ.
ಸ್ಟೂಲು ಕೊಟ್ಟರೆ ಕೂರಲಿಲ್ಲ.
"ರಾತ್ರಿ ಎದ್ದು ಬಾಲ್ಕಾಂವ್‌ನಲ್ಲಿ ಕೂರುತ್ತಾನೆ.
ತೋಟದಲ್ಲಿ ಎಲೆ ಸರಿದರೆ ಹಂದಿ ಎನ್ನುತ್ತಾನೆ.
ಕಣ್ಣಿನಲ್ಲಿ ಪೊರೆ, ಡಾಕ್ಟರನ ಹತ್ತಿರ ಬರಲೊಲ್ಲ.
ಬೆಳಕು ಹರಿಯುವ ಮುಂಚೆ ತೋಟದಲ್ಲಿ ಸರಿಯುವುದು ಯಾರು,
ನಿನಗೆ ಗೊತ್ತಿರಬೇಕು, ನಿನ್ನ ಜನ."

ಗೊತ್ತಿತ್ತು.
ಬೇಲಿಯಾಚೆ ತಗಡಿನ ಗುಡಿಸಲು ಹನ್ನೆರಡು,
ಸಿಂದಗಿ ಕಡೆಯವರು, ಕಾಂಕ್ರೀಟು ಹೊರುವವರು.
ಹುಲಗವ್ವನ ಮಗಳು ದ್ಯಾಮಿ, ಆರು ವರ್ಷ,
ಲಂಗದ ಮಡಿಲಲ್ಲಿ ಗೇರುಬೀಜ ಆಯುತ್ತಾಳೆ ಕತ್ತಲಲ್ಲಿ.
ಒಮ್ಮೆ ನನ್ನಂಗಡಿಗೇ ತಂದು ಕೇಳಿದ್ದಳು:
"ಕಾಕಾ, ಇವಕ್ಕ ಏಟು ರೊಕ್ಕ ಬರತಾವು?"

ಬಾಯಿ ಹೋದ ಮೇಲೆ ಷಟರು ಅರ್ಧ ಇಳಿಸಿದೆ.
ಕುದುರೆ ಬಡಿದಾಗ ಮುಂದೆ ಚಿಮ್ಮುವ ಸೂಜಿ,
ಅದರ ತುದಿ ಹಿಡಿದೆ ಚಕ್ರಕ್ಕೆ.
ಅಕ್ಕಿಕಾಳಿನಷ್ಟು. ಅಷ್ಟೂ ಅಲ್ಲ, ನುಚ್ಚಿನಷ್ಟು.
ಕಿಡಿ ಹಾರಿದ್ದು ಮೂರೋ ನಾಲ್ಕೋ.
ಬಳೆ ಹಾಗೇ, ಸದ್ದು ಹಾಗೇ,
ತೋಟೆ ಬೆಣ್ಣೆಯಂತೆ ಏಳುತ್ತದೆ, ಕೂರುತ್ತದೆ.

ವಾರ ಬಿಟ್ಟು ಬಂದ ಕುಲಾಸ್.
ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದದ್ದು ಐದೇ ತೋಟೆ,
ಈಗ ಎಲ್ಲೂ ಸಿಗದವು. ಒಂದನ್ನು
ಹಿತ್ತಲಿನ ತೆಂಗಿನ ಬೊಡ್ಡೆಗೆ ಹಾರಿಸಿ ನೋಡಿದನಂತೆ.
ಟಿಕ್ ಎಂದಿತಂತೆ.

ಜೇಬಿನಿಂದ ಅದನ್ನೇ ತೆಗೆದು ನನ್ನ ಮೇಜಿನ ಮೇಲಿಟ್ಟ,
ತಲೆಕೆಳಗಾಗಿ.
ತಳದ ಹಿತ್ತಾಳೆಯ ಬೊಟ್ಟು ನುಣ್ಣಗಿತ್ತು,
ಗುಳಿ ಇಲ್ಲ, ಗೀರಿಲ್ಲ.
ಅದರ ಮೇಲೆ ಹೆಬ್ಬೆರಳು ಆಡಿಸಿದ,
ಒಂದು ಸಲ, ಇನ್ನೊಂದು ಸಲ.
ಕಣ್ಣಿಲ್ಲದಿದ್ದರೇನು, ಆ ಬೆರಳಿಗೆ
ಅರವತ್ತು ವರ್ಷದ ಬೇಟೆ ಗೊತ್ತು.
ನನ್ನ ಲೇತು ಬರಿದೇ ತಿರುಗುತ್ತಿತ್ತು.
ನಿಲ್ಲಿಸಲು ಕೈ ಬರಲಿಲ್ಲ.

"ಮದ್ದು ಸತ್ತಿದೆ," ಅಂದ.
"ಹಳೇ ಮಾಲು. ಬೈರಾದ ಹವೆ."

ಮುನ್ನೂರು ಎಣಿಸಿ ಇಟ್ಟು, ಐವತ್ತು ಹೆಚ್ಚಿಗೆ ಇಟ್ಟು,
ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ.
ತೋಟೆಯನ್ನು ಮರೆತು ಹೋದ.
ಇಲ್ಲ, ಬಿಟ್ಟು ಹೋದ.

ವಾಷರುಗಳ ಡಬ್ಬಿಯಲ್ಲಿ ಇದೆ ಅದು ಈಗಲೂ.
ರಾತ್ರಿ ಅಂಗಡಿ ಮುಚ್ಚಿ ಆ ದಾರಿಯಲ್ಲಿ ಬಂದರೆ
ಬಾಲ್ಕಾಂವ್‌ನ ಕತ್ತಲಿನಿಂದ ಕೇಳುತ್ತದೆ: ಖಟಕ್, ಖಟಕ್.
ಹಂದಿಗಳು ತಲೆ ಎತ್ತುವುದೂ ಇಲ್ಲ.